ವ್ಯವಹಾರ ಅರ್ಥಶಾಸ್ತ್ರ: ವಿಶ್ವವಿದ್ಯಾಲಯವನ್ನು ಆರಿಸುವ ಮುನ್ನ

(ಹೆಬ್ಬಗೋಡಿಯಲ್ಲಿ ಪಿಯುಸಿ ವಿದ್ಯಾರ್ಥಿಗಳು ಮತ್ತು ಅವರ ಹೆತ್ತವರ ಸಭೆಯಲ್ಲಿ ಮಾಡಿದ ಭಾಷಣದ ಲಿಖಿತ ರೂಪ)



ದ್ವಿತೀಯ ಪಿಯುಸಿ ಫಲಿತಾಂಶ ಹೊರಬಿದ್ದ ದಿನದಿಂದ ನಮ್ಮ ಮನೆಗಳಲ್ಲಿ ಒಂದೇ ಪ್ರಶ್ನೆ: ಮುಂದೇನು? ವಿಜ್ಞಾನ ಓದಿದವರಿಗೆ ಹೇಗೋ ಒಂದು ದಾರಿ ಕಾಣುತ್ತದೆ. ವಾಣಿಜ್ಯ ಅಥವಾ ಕಲಾ ವಿಭಾಗದಲ್ಲಿ ಓದಿದ ಮಕ್ಕಳ ಮನೆಯಲ್ಲಿ ಮಾತ್ರ ಈ ಪ್ರಶ್ನೆಗೆ ಉತ್ತರ ಕೊಡುವವರು ನೆರೆಮನೆಯವರು, ದೂರದ ನೆಂಟರು, ಇಲ್ಲವೇ ಪ್ರವೇಶ ಮಾಡಿಸಿಕೊಡುವ ಏಜೆಂಟರು. ಇತ್ತೀಚೆಗೆ ಹಲವು ಮಕ್ಕಳ ಬಾಯಲ್ಲಿ 'ಬಿಸಿನೆಸ್ ಇಕನಾಮಿಕ್ಸ್' ಎಂಬ ಹೆಸರು ಕೇಳಿಬರುತ್ತಿದೆ. ಅದೇನು, ಅದನ್ನು ಎಲ್ಲಿ ಓದಬೇಕು, ಆರಿಸುವಾಗ ಏನನ್ನು ನೋಡಬೇಕು ಎಂಬುದನ್ನು ಇಂದು ನಿಮ್ಮೊಂದಿಗೆ ಹಂಚಿಕೊಳ್ಳಲು ಬಯಸುತ್ತೇವೆ.

ನಾವು ಸೇರಿರುವ ಈ ಊರನ್ನೇ ಒಮ್ಮೆ ನೋಡಿ. 1978ರಲ್ಲಿ ಕೋನಪ್ಪನ ಅಗ್ರಹಾರ ಮತ್ತು ದೊಡ್ಡತೋಗೂರು ಗ್ರಾಮಗಳ 332 ಎಕರೆ ನೆಲದಲ್ಲಿ ಕಿಯೋನಿಕ್ಸ್ ಸಂಸ್ಥೆಯು ಇಲೆಕ್ಟ್ರಾನಿಕ್ ಸಿಟಿಗೆ ಅಡಿಪಾಯ ಹಾಕಿತು. ಅದೇ ವರ್ಷ ಬಯೋಕಾನ್ ಕಂಪೆನಿ ಹುಟ್ಟಿತು. ಇಂದು ಅದರ ಹೆಸರು ನಮ್ಮ ಮೆಟ್ರೋ ನಿಲ್ದಾಣದ ಮೇಲೆಯೇ ಇದೆ. ಬೊಮ್ಮಸಂದ್ರ, ಜಿಗಣಿಗಳಲ್ಲಿ ಕಾರ್ಖಾನೆಗಳು ಎದ್ದವು. 2025ರ ಆಗಸ್ಟ್‌ನಲ್ಲಿ ಆರ್.ವಿ. ರಸ್ತೆಯಿಂದ ಬೊಮ್ಮಸಂದ್ರದವರೆಗೆ ಹಳದಿ ಮಾರ್ಗದ ಮೆಟ್ರೋ ಓಡತೊಡಗಿತು. ದೇಶದ ನಾನಾ ಭಾಗಗಳಿಂದ ಓದಿದವರು ಇಲ್ಲಿಗೆ ಬಂದು ಮೇಜಿನ ಮುಂದೆ ಕುಳಿತರು. ನಮ್ಮವರಲ್ಲಿ ಹೆಚ್ಚಿನವರು ಎಲ್ಲಿದ್ದಾರೆ? ಅವರನ್ನು ಕರೆತರುವ ಕ್ಯಾಬಿನ ಚಾಲಕರಾಗಿ, ಗ್ಯಾರೇಜಿನ ಮೆಕ್ಯಾನಿಕರಾಗಿ, ವೆಲ್ಡರುಗಳಾಗಿ, ಹಣ್ಣಿನ ಗಾಡಿಯ ಹಿಂದೆ, ಗಾರ್ಮೆಂಟ್ಸ್ ಯಂತ್ರದ ಮುಂದೆ. ಈ ಕೆಲಸಗಳಲ್ಲಿ ಯಾವುದೂ ಕೀಳಲ್ಲ. ಹಲಾಲಾದ ದುಡಿಮೆ ಯಾವುದಿದ್ದರೂ ಗೌರವಕ್ಕೆ ಅರ್ಹ. ಆದರೆ ಮುಂದಿನ ತಲೆಮಾರು ಕೂಡ ಆಯ್ಕೆಯೇ ಇಲ್ಲದೆ ಅಲ್ಲಿಯೇ ನಿಲ್ಲಬೇಕೇ ಎಂಬುದು ನಾವು ಕೇಳಿಕೊಳ್ಳಬೇಕಾದ ಪ್ರಶ್ನೆ.

2006ರಲ್ಲಿ ನ್ಯಾಯಮೂರ್ತಿ ರಾಜಿಂದರ್ ಸಾಚಾರ್ ಸಮಿತಿಯು ಕೊಟ್ಟ ವರದಿ ನಮ್ಮ ಮುಂದೆ ಒಂದು ಕನ್ನಡಿ ಹಿಡಿಯಿತು. ದೇಶದ ಪ್ರತಿಷ್ಠಿತ ಕಾಲೇಜುಗಳಲ್ಲಿ ಪದವಿ ತರಗತಿಯ 25 ವಿದ್ಯಾರ್ಥಿಗಳಲ್ಲಿ ಒಬ್ಬ ಮಾತ್ರ ಮುಸ್ಲಿಮ್, ಸ್ನಾತಕೋತ್ತರ ತರಗತಿಯಲ್ಲಿ 50ರಲ್ಲಿ ಒಬ್ಬ ಎಂದು ಅದು ಹೇಳಿತು. ಆ ವರದಿಯನ್ನು ಉಲ್ಲೇಖಿಸಿ ಸರ್ಕಾರಗಳನ್ನು ಪ್ರಶ್ನಿಸುವುದು ನಮ್ಮ ಹಕ್ಕು. ಜೊತೆಗೆ, ತೆರೆದಿರುವ ಬಾಗಿಲು ಯಾವುದು ಎಂಬುದನ್ನು ತಿಳಿದುಕೊಳ್ಳುವುದು ನಮ್ಮ ಕರ್ತವ್ಯ.

ಏನಿದು ವ್ಯವಹಾರ ಅರ್ಥಶಾಸ್ತ್ರ?

ಅರ್ಥಶಾಸ್ತ್ರದ ಸಿದ್ಧಾಂತಗಳನ್ನು ವ್ಯಾಪಾರ, ಉದ್ದಿಮೆಗಳ ತೀರ್ಮಾನಗಳಿಗೆ ಅನ್ವಯಿಸುವ ಅಧ್ಯಯನವೇ ವ್ಯವಹಾರ ಅರ್ಥಶಾಸ್ತ್ರ. ಬೇಡಿಕೆ ಹೇಗೆ ಏರಿಳಿಯುತ್ತದೆ? ಬೆಲೆಯನ್ನು ಎಷ್ಟಕ್ಕೆ ನಿಗದಿ ಮಾಡಬೇಕು? ಉತ್ಪಾದನೆ ಹೆಚ್ಚಿಸಿದರೆ ಒಂದೊಂದು ವಸ್ತುವಿನ ಖರ್ಚು ಇಳಿಯುತ್ತದೆಯೋ ಏರುತ್ತದೆಯೋ? ತೆರಿಗೆ, ಬಡ್ಡಿದರ, ರೂಪಾಯಿಯ ಮೌಲ್ಯ ಬದಲಾದರೆ ಕಂಪೆನಿಯ ಗತಿಯೇನು? ಇವೇ ಅದರ ವಸ್ತು.

ನಿಮಗೆ ಗೊತ್ತಿರುವ ಉದಾಹರಣೆಯನ್ನೇ ಕೊಡುತ್ತೇವೆ. ಮೆಟ್ರೋ ನಿಲ್ದಾಣದ ಹತ್ತಿರದ ಮನೆಗೆ ಮಾಲೀಕರು ಹೆಚ್ಚು ಬಾಡಿಗೆ ಕೇಳುತ್ತಾರೆ. ಬಿರಿಯಾನಿ ಅಂಗಡಿಯವರು ಮಾಂಸದ ಬೆಲೆ ಏರಿದೊಡನೆ ಪ್ಲೇಟಿನ ಬೆಲೆಯನ್ನು ಏರಿಸದೆ, ತುಂಡುಗಳ ಸಂಖ್ಯೆಯನ್ನು ಕಡಿಮೆ ಮಾಡುತ್ತಾರೆ. ಯಾಕೆ? ಬೆಲೆ ಏರಿಸಿದರೆ ಗಿರಾಕಿ ಪಕ್ಕದ ಅಂಗಡಿಗೆ ಹೋಗುತ್ತಾನೆ ಎಂಬ ಅರಿವು ಅವರಿಗಿದೆ. ಅನುಭವದಿಂದ ಬಂದ ಈ ಅರಿವನ್ನು ಲೆಕ್ಕಾಚಾರ, ಅಂಕಿಅಂಶ, ಸಿದ್ಧಾಂತಗಳ ಮೂಲಕ ಶಾಸ್ತ್ರವಾಗಿ ಕಲಿಸುವುದೇ ಈ ಪದವಿ.

ಈ ಶಾಸ್ತ್ರ ನಮಗೆ ಅನ್ಯವಾದುದೂ ಅಲ್ಲ. ಎಂಟನೆಯ ಶತಮಾನದಲ್ಲಿ ಇಮಾಮ್ ಅಬೂ ಯೂಸುಫ್ ಭೂಕಂದಾಯದ ಕುರಿತು 'ಕಿತಾಬುಲ್ ಖರಾಜ್' ಬರೆದರು. ಹದಿನಾಲ್ಕನೆಯ ಶತಮಾನದಲ್ಲಿ ಇಬ್ನ್ ಖಲ್ದೂನ್ ತಮ್ಮ 'ಮುಖದ್ದಿಮ'ದಲ್ಲಿ, ತೆರಿಗೆಯ ದರ ವಿಪರೀತವಾದಾಗ ಜನರ ದುಡಿಯುವ ಉತ್ಸಾಹ ಕುಂದಿ ಬೊಕ್ಕಸದ ಆದಾಯವೇ ಇಳಿಯುತ್ತದೆ ಎಂದು ವಿವರಿಸಿದರು. ದೇಶದ ಏಳಿಗೆಯನ್ನು ಆದಾಯದಿಂದ ಮಾತ್ರ ಅಳೆಯದೆ ಆಯುಷ್ಯ, ವಿದ್ಯೆಗಳನ್ನೂ ಸೇರಿಸಿ ಅಳೆಯುವ ಮಾನವ ಅಭಿವೃದ್ಧಿ ಸೂಚ್ಯಂಕವನ್ನು 1990ರಲ್ಲಿ ಜಗತ್ತಿಗೆ ಕೊಟ್ಟವರಲ್ಲಿ ಪ್ರಮುಖರು ಮಹಬೂಬುಲ್ ಹಖ್. ನಮ್ಮ ದೇಶದ ಡಾ. ಬಿ.ಆರ್. ಅಂಬೇಡ್ಕರ್ ಮೂಲತಃ ಅರ್ಥಶಾಸ್ತ್ರಜ್ಞರು. 1913ರಲ್ಲಿ ಬರೋಡಾ ಮಹಾರಾಜರ ವಿದ್ಯಾರ್ಥಿವೇತನದಿಂದ ಕೊಲಂಬಿಯಾ ವಿಶ್ವವಿದ್ಯಾಲಯಕ್ಕೆ ಹೋದ ಅವರು, ಲಂಡನ್ ಸ್ಕೂಲ್ ಆಫ್ ಇಕನಾಮಿಕ್ಸ್‌ನಲ್ಲಿ ರೂಪಾಯಿಯ ಸಮಸ್ಯೆಯ ಬಗ್ಗೆ ಪ್ರಬಂಧ ಬರೆದು ಡಾಕ್ಟರೇಟ್ ಪಡೆದರು. ತುಳಿತಕ್ಕೊಳಗಾದ ಸಮುದಾಯದ ಒಬ್ಬ ಯುವಕ ಅರ್ಥಶಾಸ್ತ್ರ ಕಲಿತಾಗ ಏನಾಗಬಹುದು ಎಂಬುದಕ್ಕೆ ಬೇರೆ ಸಾಕ್ಷಿ ಬೇಕಿಲ್ಲ.

ಮೊದಲ ಪಾಠ: ನಿಜವಾದ ಖರ್ಚು ಎಷ್ಟು?

ಅರ್ಥಶಾಸ್ತ್ರದ ಮೊದಲ ಪಾಠವೇ 'ಅವಕಾಶ ವೆಚ್ಚ'. ಒಂದನ್ನು ಆರಿಸಿದಾಗ ನಾವು ಬಿಟ್ಟುಕೊಟ್ಟದ್ದೂ ಖರ್ಚಿನ ಲೆಕ್ಕಕ್ಕೆ ಸೇರುತ್ತದೆ ಎಂಬುದು ಅದರ ಅರ್ಥ. ಈ ಪಾಠವನ್ನು ಮಕ್ಕಳು ಕಾಲೇಜಿಗೆ ಸೇರಿದ ಮೇಲೆ ಕಲಿಯುತ್ತಾರೆ. ಹೆತ್ತವರು ಕಾಲೇಜು ಆರಿಸುವ ಮೊದಲೇ ಕಲಿಯಬೇಕು.

ಪಿಯುಸಿ ಮುಗಿಸಿದ ಹುಡುಗನೊಬ್ಬ ತಿಂಗಳಿಗೆ 15,000 ರೂಪಾಯಿಯ ಕೆಲಸಕ್ಕೆ ಸೇರಬಹುದು ಎಂದಿಟ್ಟುಕೊಳ್ಳೋಣ. ಆತ ಕೆಲಸ ಬಿಟ್ಟು ಮೂರು ವರ್ಷ ಓದಿದರೆ ಮನೆಗೆ ಬರಬೇಕಿದ್ದ 5,40,000 ರೂಪಾಯಿ ಬರುವುದಿಲ್ಲ. ಅಂದರೆ ಶುಲ್ಕವೇ ಇಲ್ಲದ ಕಾಲೇಜಿನಲ್ಲಿ ಓದಿದರೂ ಆ ಕುಟುಂಬ 5,40,000 ರೂಪಾಯಿ ತೆತ್ತಂತೆಯೇ. ಇನ್ನು ವರ್ಷಕ್ಕೆ 3 ಲಕ್ಷ ಶುಲ್ಕವಿರುವ ಖಾಸಗಿ ವಿಶ್ವವಿದ್ಯಾಲಯವಾದರೆ ಒಟ್ಟು ಖರ್ಚು 14,40,000 ರೂಪಾಯಿ.

ಈ ಲೆಕ್ಕದಿಂದ ಎರಡು ಸತ್ಯಗಳು ಹೊರಡುತ್ತವೆ. ಒಂದು, ತರಗತಿಯೇ ಸರಿಯಾಗಿ ನಡೆಯದ ಅಗ್ಗದ ಕಾಲೇಜು ಅಗ್ಗವಲ್ಲ. ಅಲ್ಲಿ ನಾವು ಕಳೆದುಕೊಳ್ಳುವುದು ಮಗುವಿನ ಮೂರು ವರ್ಷ. ಎರಡು, ದುಬಾರಿ ಕಾಲೇಜು ಆ ಹೆಚ್ಚುವರಿ 9 ಲಕ್ಷಕ್ಕೆ ತಕ್ಕುದನ್ನು ಕಲಿಸುತ್ತದೆಯೇ ಎಂದು ಕೇಳದೆ ಚಿನ್ನ ಅಡವಿಡುವುದು ಜಾಣತನವಲ್ಲ. ಹೊಳೆಯುವ ಕಟ್ಟಡ, ಹವಾನಿಯಂತ್ರಿತ ತರಗತಿ, ಬಸ್ಸಿನ ಮೇಲಿನ ಜಾಹೀರಾತು ಇವು ಯಾವುವೂ ಪಾಠವಲ್ಲ.

ಎರಡನೆಯ ಪಾಠ: ಮಾನ್ಯತೆ

ವಿಶ್ವವಿದ್ಯಾಲಯ ಆರಿಸುವಾಗ ಮೊತ್ತಮೊದಲು ನೋಡಬೇಕಾದದ್ದು ಅದಕ್ಕೆ ಯುಜಿಸಿ, ಅಂದರೆ ವಿಶ್ವವಿದ್ಯಾಲಯ ಅನುದಾನ ಆಯೋಗದ ಮಾನ್ಯತೆ ಇದೆಯೇ ಎಂಬುದನ್ನು. ಇದು ಕೇವಲ ಕಾಗದದ ವಿಷಯವಲ್ಲ, ಸಾವಿರಾರು ಮಕ್ಕಳ ಬದುಕಿನ ವಿಷಯ. ಛತ್ತೀಸ್‌ಗಢ ರಾಜ್ಯವು 2002ರ ಕಾಯಿದೆಯಡಿ ನೂರಕ್ಕೂ ಹೆಚ್ಚು ಖಾಸಗಿ ವಿಶ್ವವಿದ್ಯಾಲಯಗಳಿಗೆ ಅನುಮತಿ ಕೊಟ್ಟಿತ್ತು. ಪ್ರೊ. ಯಶಪಾಲ್ ಅದನ್ನು ಪ್ರಶ್ನಿಸಿದರು. 2005ರ ಫೆಬ್ರವರಿಯಲ್ಲಿ ಸುಪ್ರೀಂ ಕೋರ್ಟು ಅವುಗಳ ಸ್ಥಾಪನೆಯನ್ನೇ ಅಸಿಂಧುಗೊಳಿಸಿತು.

ನಮ್ಮ ರಾಜ್ಯದಲ್ಲೂ ಪಾಠವಿದೆ. 1996ರಲ್ಲಿ ಮೈಸೂರಿನಲ್ಲಿ ಸ್ಥಾಪನೆಯಾದ ಕರ್ನಾಟಕ ರಾಜ್ಯ ಮುಕ್ತ ವಿಶ್ವವಿದ್ಯಾಲಯ ಸರ್ಕಾರದ್ದೇ ಸಂಸ್ಥೆ. ಆದರೂ 2012-13ರ ನಂತರದ ಅದರ ಕೋರ್ಸುಗಳಿಗೆ ಮಾನ್ಯತೆಯಿಲ್ಲವೆಂದು 2015ರಲ್ಲಿ ಯುಜಿಸಿ ಪ್ರಕಟಿಸಿದಾಗ ವಿದ್ಯಾರ್ಥಿಗಳು ಕಂಗಾಲಾದರು. 2018ರಲ್ಲಿ ಮಾನ್ಯತೆ ಮರಳಿತು. ದೂರಶಿಕ್ಷಣದಲ್ಲಿ ಓದುವವರು ವಿಶ್ವವಿದ್ಯಾಲಯದ ಹೆಸರನ್ನು ನೋಡಿದರೆ ಸಾಲದು, ತಾವು ಸೇರುವ ವರ್ಷಕ್ಕೆ, ತಾವು ಸೇರುವ ಕೋರ್ಸಿಗೆ ಮಾನ್ಯತೆ ಇದೆಯೇ ಎಂಬುದನ್ನು ನೋಡಬೇಕು ಎಂಬುದೇ ಇದರ ತಾತ್ಪರ್ಯ.

ನಕಲಿ ವಿಶ್ವವಿದ್ಯಾಲಯಗಳ ಪಟ್ಟಿಯನ್ನೂ ಯುಜಿಸಿ ಪ್ರಕಟಿಸುತ್ತದೆ. ಬೇರೆ ರಾಜ್ಯದ ಖಾಸಗಿ ವಿಶ್ವವಿದ್ಯಾಲಯವೊಂದರ 'ಅಧ್ಯಯನ ಕೇಂದ್ರ' ಎಂಬ ಫಲಕ ನಿಮ್ಮ ಬೀದಿಯ ಮಹಡಿಯ ಮೇಲೆ ಕಂಡರೆ ಎಚ್ಚರವಾಗಿರಿ. ಹಾಜರಾತಿ ಬೇಡ, ಪರೀಕ್ಷೆಯ ಚಿಂತೆ ಬೇಡ, ಹಣ ಕಟ್ಟಿದರೆ ಸಾಕು ಎನ್ನುವವನು ನಿಮಗೆ ಪದವಿಯನ್ನು ಮಾರುತ್ತಿಲ್ಲ, ಮೋಸವನ್ನು ಮಾರುತ್ತಿದ್ದಾನೆ.

ನ್ಯಾಕ್ ಶ್ರೇಣಿಯನ್ನೂ ಎನ್‌ಐಆರ್‌ಎಫ್ ಸ್ಥಾನವನ್ನೂ ನೋಡಬಹುದು. ಆದರೆ ಅವನ್ನೇ ಕಣ್ಣುಮುಚ್ಚಿ ನಂಬಬಾರದು. ಆಂಧ್ರಪ್ರದೇಶದ ಖಾಸಗಿ ಸಂಸ್ಥೆಯೊಂದಕ್ಕೆ ಉನ್ನತ ಶ್ರೇಣಿ ಕೊಡಲು ಲಂಚ ಪಡೆದ ಆರೋಪದ ಮೇಲೆ ನ್ಯಾಕ್ ಪರಿಶೀಲನಾ ತಂಡದ ಸದಸ್ಯರನ್ನೇ ಸಿಬಿಐ 2025ರ ಫೆಬ್ರವರಿಯಲ್ಲಿ ಬಂಧಿಸಿತು. ಶ್ರೇಣಿ ಒಂದು ಸುಳಿವು ಮಾತ್ರ. ಅಲ್ಲಿಯೇ ಓದುತ್ತಿರುವ ಇಬ್ಬರು ಹಿರಿಯ ವಿದ್ಯಾರ್ಥಿಗಳೊಡನೆ ಅರ್ಧ ಗಂಟೆ ಮಾತನಾಡಿದರೆ ಅದಕ್ಕಿಂತ ಹೆಚ್ಚಿನದು ತಿಳಿಯುತ್ತದೆ.

ಮೂರನೆಯ ಪಾಠ: ಹೆಸರಿನ ಹಿಂದಿನ ಪಠ್ಯ

ಬಿಸಿನೆಸ್ ಇಕನಾಮಿಕ್ಸ್ ಎಂಬ ಹೆಸರಿನ ಪದವಿ ನಮ್ಮ ರಾಜ್ಯದಲ್ಲಿ ವಿರಳ. ಇಲ್ಲಿ ಬಿ.ಎ. ಅರ್ಥಶಾಸ್ತ್ರ, ಬಿ.ಎಸ್ಸಿ. ಅರ್ಥಶಾಸ್ತ್ರ, ಬಿ.ಕಾಂ., ಬಿಬಿಎ ಎಂಬ ಹೆಸರುಗಳೇ ಹೆಚ್ಚು. ಹೆಸರಿಗಾಗಿ ಹಠ ಹಿಡಿಯುವ ಅಗತ್ಯವಿಲ್ಲ. ಆರು ಸೆಮಿಸ್ಟರುಗಳ ಪಠ್ಯಪಟ್ಟಿಯನ್ನು ತರಿಸಿಕೊಂಡು ಓದಿ. ಸೂಕ್ಷ್ಮ ಮತ್ತು ಸಮಗ್ರ ಅರ್ಥಶಾಸ್ತ್ರ, ಗಣಿತ, ಸಂಖ್ಯಾಶಾಸ್ತ್ರ, ಅರ್ಥಮಿತಿ, ಲೆಕ್ಕಶಾಸ್ತ್ರ, ಹಣಕಾಸು, ಕಂಪ್ಯೂಟರಿನಲ್ಲಿ ಅಂಕಿಅಂಶಗಳ ವಿಶ್ಲೇಷಣೆ ಇವು ಅದರಲ್ಲಿವೆಯೇ? ಇದ್ದರೆ ಹೆಸರು ಯಾವುದಾದರೂ ಅದು ಗಟ್ಟಿ ಪದವಿ. ಇವು ಯಾವುವೂ ಇಲ್ಲದೆ ಬರೀ ವ್ಯಾಖ್ಯಾನಗಳನ್ನು ಬಾಯಿಪಾಠ ಮಾಡಿಸುವುದಾದರೆ, ಎಷ್ಟೇ ಸುಂದರವಾದ ಹೆಸರಿದ್ದರೂ ಅದು ಟೊಳ್ಳು.

ಇಲ್ಲಿ ಗಣಿತದ ಬಗ್ಗೆ ಒಂದು ಮಾತು ಹೇಳಲೇಬೇಕು. ವಾಣಿಜ್ಯ ವಿಭಾಗಕ್ಕೆ ಸೇರುವ ನಮ್ಮ ಮಕ್ಕಳಲ್ಲಿ ಹಲವರು ಗಣಿತದಿಂದ ತಪ್ಪಿಸಿಕೊಳ್ಳಲೆಂದೇ ಇತಿಹಾಸವಿರುವ ಹೆಚ್‌ಇಬಿಎ ಸಂಯೋಜನೆಯನ್ನು ಆರಿಸುತ್ತಾರೆ. ಹತ್ತನೆಯ ತರಗತಿ ಮುಗಿದ ಮೇ ತಿಂಗಳಲ್ಲಿ ಹೀಗೆ ತೆಗೆದುಕೊಂಡ ತೀರ್ಮಾನ, ಎರಡು ವರ್ಷಗಳ ನಂತರ ಹಲವು ಉತ್ತಮ ವಿಶ್ವವಿದ್ಯಾಲಯಗಳ ಬಾಗಿಲನ್ನು ಮುಚ್ಚುತ್ತದೆ. ಪಿಯುಸಿಯಲ್ಲಿ 'ಮ್ಯಾಥಮ್ಯಾಟಿಕ್ಸ್' ಬೇರೆ, 'ಬೇಸಿಕ್ ಮ್ಯಾಥ್ಸ್' ಬೇರೆ. ನೀವು ಬಯಸುವ ವಿಶ್ವವಿದ್ಯಾಲಯ ಯಾವುದನ್ನು ಒಪ್ಪುತ್ತದೆ ಎಂದು ಅದರ ಕೈಪಿಡಿಯಲ್ಲಿ ನೋಡಿಯೇ ಮುಂದುವರಿಯಿರಿ. ಎಸ್ಸೆಸ್ಸೆಲ್ಸಿ ಮಕ್ಕಳಿರುವ ಹೆತ್ತವರು ಈ ಮಾತನ್ನು ಇಂದೇ ಮನಸ್ಸಿನಲ್ಲಿಟ್ಟುಕೊಳ್ಳಬೇಕು.

ಮೂರು ವರ್ಷವೋ ನಾಲ್ಕು ವರ್ಷವೋ ಎಂಬ ಗೊಂದಲವೂ ಇದೆ. ಕರ್ನಾಟಕ ಸರ್ಕಾರ 2021-22ರಲ್ಲಿ ರಾಷ್ಟ್ರೀಯ ಶಿಕ್ಷಣ ನೀತಿಯಂತೆ ನಾಲ್ಕು ವರ್ಷಗಳ ಪದವಿಯನ್ನು ತಂದಿತು. ಸರ್ಕಾರ ಬದಲಾದ ಬಳಿಕ, ಪ್ರೊ. ಸುಖದೇವ್ ಥೋರಟ್ ಆಯೋಗದ ಮಧ್ಯಂತರ ವರದಿಯ ಆಧಾರದಲ್ಲಿ 2024ರ ಮೇ ತಿಂಗಳಲ್ಲಿ ಮತ್ತೆ ಮೂರು ವರ್ಷಕ್ಕೆ ಮರಳಿತು. ಕೇಂದ್ರೀಯ ವಿಶ್ವವಿದ್ಯಾಲಯಗಳಲ್ಲಿ ನಾಲ್ಕು ವರ್ಷದ ಆಯ್ಕೆ ಉಳಿದಿದೆ. ಬೇಗ ದುಡಿಯಬೇಕಾದ ಮನೆಯ ಮಗುವಿಗೆ ಮೂರು ವರ್ಷ ಒಳ್ಳೆಯದು. ಅಮೆರಿಕದಂತಹ ದೇಶದಲ್ಲಿ ಉನ್ನತ ವ್ಯಾಸಂಗದ ಗುರಿಯಿರುವವರು ಅಲ್ಲಿನ ಹಲವು ವಿಶ್ವವಿದ್ಯಾಲಯಗಳು ನಾಲ್ಕು ವರ್ಷದ ಪದವಿಯನ್ನು ಕೇಳುತ್ತವೆ ಎಂಬುದನ್ನು ನೆನಪಿಡಬೇಕು.

ಎಲ್ಲಿ ಓದಬಹುದು?

ದೂರ ಹೋಗುವ ಮೊದಲು ಹತ್ತಿರ ನೋಡೋಣ. ಆನೇಕಲ್ಲಿನಲ್ಲಿ ಸರ್ಕಾರಿ ಪ್ರಥಮ ದರ್ಜೆ ಕಾಲೇಜಿದೆ. ಶುಲ್ಕ ಕಡಿಮೆ. ಪಿಯುಸಿಯಲ್ಲಿ ಸಾಧಾರಣ ಅಂಕ ಪಡೆದ, ಮನೆಯಿಂದಲೇ ಓಡಾಡಬೇಕಾದ ಮಗುವಿಗೆ ಇದು ಗೌರವದ ದಾರಿಯೇ. ಪದವಿಯ ಜೊತೆಗೆ ಸಂಖ್ಯಾಶಾಸ್ತ್ರ, ಕಂಪ್ಯೂಟರ್, ಇಂಗ್ಲಿಷನ್ನು ಸ್ವಪ್ರಯತ್ನದಿಂದ ಗಟ್ಟಿಮಾಡಿಕೊಂಡರೆ ಸ್ನಾತಕೋತ್ತರ ಹಂತದಲ್ಲಿ ಉತ್ತಮ ಸಂಸ್ಥೆ ಸೇರಬಹುದು. 1964ರಲ್ಲಿ ಸ್ಥಾಪನೆಯಾದ ಬೆಂಗಳೂರು ವಿಶ್ವವಿದ್ಯಾಲಯ 2017ರಲ್ಲಿ ಮೂರಾಗಿ ವಿಭಜನೆಗೊಂಡಿದೆ. ನೀವು ಸೇರುವ ಕಾಲೇಜು ಯಾವುದಕ್ಕೆ ಸಂಯೋಜಿತ ಎಂದು ಕೇಳಿಕೊಳ್ಳಿ.

ಎರಡನೆಯದು, ನಮ್ಮವರಲ್ಲಿ ಅನೇಕರಿಗೆ ಹೆಸರೂ ಗೊತ್ತಿಲ್ಲದ ಡಾ. ಬಿ.ಆರ್. ಅಂಬೇಡ್ಕರ್ ಸ್ಕೂಲ್ ಆಫ್ ಇಕನಾಮಿಕ್ಸ್. ಲಂಡನ್ ಸ್ಕೂಲ್ ಆಫ್ ಇಕನಾಮಿಕ್ಸ್‌ನ ಮಾದರಿಯಲ್ಲಿ ರಾಜ್ಯ ಸರ್ಕಾರ ಸ್ಥಾಪಿಸಿದ ಈ ಸಂಸ್ಥೆಯನ್ನು 2017ರ ಅಕ್ಟೋಬರ್ 4ರಂದು ಮಾಜಿ ಪ್ರಧಾನಿ, ಸ್ವತಃ ಅರ್ಥಶಾಸ್ತ್ರಜ್ಞರಾಗಿದ್ದ ಡಾ. ಮನಮೋಹನ್ ಸಿಂಗ್ ಉದ್ಘಾಟಿಸಿದರು. ಅನಂತರ ಅದು ವಿಶ್ವವಿದ್ಯಾಲಯವಾಯಿತು. ಪ್ರವೇಶ ಪರೀಕ್ಷೆಯ ಮೂಲಕ ಅರ್ಥಶಾಸ್ತ್ರದ ಆನರ್ಸ್ ಪದವಿಗೆ ಸೇರಬಹುದು. ಹೆಬ್ಬಗೋಡಿಯಲ್ಲಿ ಮೆಟ್ರೋ ಹತ್ತಿ, ಆರ್.ವಿ. ರಸ್ತೆಯಲ್ಲಿ ಹಸಿರು ಮಾರ್ಗಕ್ಕೂ ಮೆಜೆಸ್ಟಿಕ್‌ನಲ್ಲಿ ನೇರಳೆ ಮಾರ್ಗಕ್ಕೂ ಬದಲಿಸಿದರೆ ಜ್ಞಾನಭಾರತಿ ನಿಲ್ದಾಣ ಸಿಗುತ್ತದೆ. ಸರ್ಕಾರಿ ಸಂಸ್ಥೆಯಾದ್ದರಿಂದ ರಾಜ್ಯದ ಮೀಸಲಾತಿಯ ಬಗ್ಗೆಯೂ ಅಲ್ಲಿ ವಿಚಾರಿಸಬೇಕು.

ಮೂರನೆಯದು ಅಜೀಂ ಪ್ರೇಮ್‌ಜಿ ವಿಶ್ವವಿದ್ಯಾಲಯ. 2010ರ ರಾಜ್ಯ ಕಾಯಿದೆಯಿಂದ ಸ್ಥಾಪನೆಯಾದ ಇದು ಮೊದಲು ಇಲ್ಲಿಯೇ ಇಲೆಕ್ಟ್ರಾನಿಕ್ ಸಿಟಿಯ ಬಳಿ ನಡೆಯುತ್ತಿತ್ತು. ಈಗ ನಮ್ಮದೇ ಆನೇಕಲ್ ತಾಲೂಕಿನ ಸರ್ಜಾಪುರದ ಸಮೀಪ ಬುರುಗುಂಟೆ ಗ್ರಾಮದಲ್ಲಿದೆ. ಅರ್ಥಶಾಸ್ತ್ರದ ಬಿ.ಎ. ಆನರ್ಸ್ ಪದವಿ ಅಲ್ಲಿದೆ. ಶುಲ್ಕದ ಅಂಕಿ ನೋಡಿ ಹಿಂದೆ ಸರಿಯಬೇಡಿ, ಕುಟುಂಬದ ಆದಾಯಕ್ಕೆ ಅನುಗುಣವಾಗಿ ಶುಲ್ಕ ಮತ್ತು ವಸತಿಯ ನೆರವು ಕೊಡುವ ವ್ಯವಸ್ಥೆ ಅಲ್ಲಿದೆ. ಪ್ರವೇಶ ಪರೀಕ್ಷೆಯ ಅರ್ಜಿಗಳು ಪಿಯುಸಿ ಪರೀಕ್ಷೆಗೆ ಮೊದಲೇ ಕರೆಯಲ್ಪಡುತ್ತವೆ. ಫಲಿತಾಂಶ ಬಂದ ಮೇಲೆ ಎಚ್ಚೆತ್ತುಕೊಳ್ಳುವ ನಮ್ಮ ಅಭ್ಯಾಸದಿಂದಲೇ ಇಂತಹ ಅವಕಾಶಗಳು ಕೈತಪ್ಪುತ್ತವೆ.

ಬೆಂಗಳೂರಿನ ಐಐಎಂ ಕೂಡ ತನ್ನ ಜಿಗಣಿ ಕ್ಯಾಂಪಸ್ಸಿನಲ್ಲಿ 2026-27ರಿಂದ ಅರ್ಥಶಾಸ್ತ್ರ ಮತ್ತು ದತ್ತಾಂಶ ವಿಜ್ಞಾನದ ಬಿ.ಎಸ್ಸಿ. ಆನರ್ಸ್ ಪದವಿಗಳನ್ನು ಪ್ರಕಟಿಸಿದೆ. ಸ್ಪರ್ಧೆ ತೀವ್ರ, ಖರ್ಚೂ ಹೆಚ್ಚು. ಆದರೆ ಅದು ನಮ್ಮ ಮನೆಯಿಂದ ಕೆಲವೇ ಕಿಲೋಮೀಟರ್ ದೂರದಲ್ಲಿದೆ ಎಂಬುದು ಪ್ರತಿಭಾವಂತ ಮಕ್ಕಳಿಗೆ ಗೊತ್ತಿರಲಿ.

ನಗರದೊಳಗೆ 1882ರ ಪರಂಪರೆಯ, 2022ರಲ್ಲಿ ವಿಶ್ವವಿದ್ಯಾಲಯವಾದ ಸೇಂಟ್ ಜೋಸೆಫ್ಸ್ ಇದೆ, 2008ರಲ್ಲಿ ಡೀಮ್ಡ್ ಸ್ಥಾನ ಪಡೆದ ಕ್ರೈಸ್ಟ್ ಇದೆ. ಡಾ. ಮುಮ್ತಾಜ್ ಅಹ್ಮದ್ ಖಾನ್ ಅವರು 1966ರಲ್ಲಿ ಕಟ್ಟಿದ ಅಲ್-ಅಮೀನ್ ಶಿಕ್ಷಣ ಸಂಸ್ಥೆಯ ಪದವಿ ಕಾಲೇಜು ಲಾಲ್‌ಬಾಗ್ ಬಳಿಯಿದೆ. 2021ರಲ್ಲಿ ತೀರಿಕೊಂಡ ಆ ಮಹನೀಯರು ವೈದ್ಯವೃತ್ತಿಯ ಸುಖವನ್ನು ಬದಿಗಿಟ್ಟು ಸಮುದಾಯದ ಶಿಕ್ಷಣಕ್ಕಾಗಿ ಬದುಕು ಸವೆಸಿದರು. ಚಂದಾಪುರ ಆನೇಕಲ್ ರಸ್ತೆಯ ಅಲಯನ್ಸ್ ಮೊದಲಾದ ಖಾಸಗಿ ವಿಶ್ವವಿದ್ಯಾಲಯಗಳೂ ಇವೆ. ಎಲ್ಲೆಡೆಯೂ ಮೇಲೆ ಹೇಳಿದ ಅಳತೆಗೋಲು ಒಂದೇ.

ಬಿಸಿನೆಸ್ ಇಕನಾಮಿಕ್ಸ್ ಎಂಬ ಹೆಸರಿನಲ್ಲಿಯೇ ಓದಬೇಕೆಂದಿದ್ದರೆ ದಿಲ್ಲಿ ವಿಶ್ವವಿದ್ಯಾಲಯದ ಬಿ.ಎ. ಆನರ್ಸ್ ಪದವಿ ಪ್ರಸಿದ್ಧವಾದುದು. ಅದರ ಹಲವು ಕಾಲೇಜುಗಳಲ್ಲಿ ಇದು ಲಭ್ಯ, ಮಹಿಳೆಯರಿಗಾಗಿಯೇ ಇರುವ ಗಾರ್ಗಿ ಕಾಲೇಜಿನಲ್ಲೂ ಇದೆ. 2022ರಿಂದ ಪ್ರವೇಶ ಸಿಯುಇಟಿ ಪರೀಕ್ಷೆಯ ಮೂಲಕ, ಗಣಿತ ಕಡ್ಡಾಯ. ಸಿಯುಇಟಿಯನ್ನು ಕನ್ನಡ, ಉರ್ದು ಸೇರಿದಂತೆ 13 ಭಾಷೆಗಳಲ್ಲಿ ಬರೆಯಬಹುದು. ಅಲೀಗಢ ಮುಸ್ಲಿಮ್ ವಿಶ್ವವಿದ್ಯಾಲಯ ಮತ್ತು ಜಾಮಿಅ ಮಿಲ್ಲಿಯ್ಯಾಗಳಲ್ಲಿ ಅರ್ಥಶಾಸ್ತ್ರದ ಆನರ್ಸ್ ಇದೆ. ಮದ್ರಸ ಶಿಕ್ಷಣ ಮುಗಿಸಿದವರು ವಿಶ್ವವಿದ್ಯಾಲಯದ ವಿಷಯಗಳಿಗೆ ಸಿದ್ಧರಾಗಲು ಅಲೀಗಢದಲ್ಲಿ 2013ರಲ್ಲಿ ಬ್ರಿಡ್ಜ್ ಕೋರ್ಸ್ ಆರಂಭವಾಯಿತು. ಅರಬಿ ವ್ಯಾಕರಣದ ಸೂಕ್ಷ್ಮಗಳನ್ನೂ ವಾರೀಸು ಹಕ್ಕಿನ ಭಿನ್ನರಾಶಿಗಳನ್ನೂ ಅರಗಿಸಿಕೊಂಡ ಹುಡುಗನಿಗೆ ಅರ್ಥಶಾಸ್ತ್ರ ಕಬ್ಬಿಣದ ಕಡಲೆಯೇನಲ್ಲ. ಅವನಿಗೆ ಬೇಕಿರುವುದು ದಾರಿ ತೋರಿಸುವವರು.

ಹಣ, ಮೀಸಲಾತಿ, ಸಾಲ

ರಾಜ್ಯದ ಸಂಸ್ಥೆಗಳಲ್ಲಿ ಮುಸ್ಲಿಮರಿಗೆ 2-ಬಿ ಪ್ರವರ್ಗದಡಿ ಶೇ. 4 ಮೀಸಲಾತಿಯಿದೆ. 2023ರ ಮಾರ್ಚಿನಲ್ಲಿ ಅಂದಿನ ಸರ್ಕಾರ ಅದನ್ನು ರದ್ದುಪಡಿಸಿತಾದರೂ, ಪ್ರಕರಣ ಸುಪ್ರೀಂ ಕೋರ್ಟಿಗೆ ಹೋದ ಕಾರಣ ಆ ಆದೇಶ ಜಾರಿಯಾಗಲಿಲ್ಲ. ಜಾತಿ ಮತ್ತು ಆದಾಯ ಪ್ರಮಾಣಪತ್ರವನ್ನು ನಾಡಕಚೇರಿಯಿಂದ ಮುಂಚಿತವಾಗಿಯೇ ಪಡೆದಿಟ್ಟುಕೊಳ್ಳಿ. ಕೇಂದ್ರೀಯ ವಿಶ್ವವಿದ್ಯಾಲಯಗಳಲ್ಲಿ ಪರಿಸ್ಥಿತಿ ಬೇರೆ. ಕೇಂದ್ರದ ಹಿಂದುಳಿದ ವರ್ಗಗಳ ಪಟ್ಟಿಯಲ್ಲಿ ಕರ್ನಾಟಕದ ಸಯ್ಯದ್, ಶೇಖ್, ಪಠಾಣ್, ಮೊಘಲ್ ಮುಂತಾದ ಕೆಲವು ಪಂಗಡಗಳನ್ನು ಹೊರಗಿಡಲಾಗಿದೆ. ಅಂತಹವರು ಅರ್ಹತೆಯಿದ್ದರೆ ಆರ್ಥಿಕವಾಗಿ ದುರ್ಬಲ ವರ್ಗದ, ಅಂದರೆ ಇಡಬ್ಲ್ಯುಎಸ್ ಪ್ರಮಾಣಪತ್ರಕ್ಕಾಗಿ ತಹಶೀಲ್ದಾರರಲ್ಲಿ ವಿಚಾರಿಸಬೇಕು. ಅರ್ಜಿಯ ಕೊನೆಯ ದಿನ ಸೈಬರ್ ಕೆಫೆಯಲ್ಲಿ ಕುಳಿತಾಗ ಇದು ತಿಳಿದರೆ ಪ್ರಯೋಜನವಿಲ್ಲ.

ಅಲ್ಪಸಂಖ್ಯಾತರ ಅಭಿವೃದ್ಧಿ ನಿಗಮದ 'ಅರಿವು' ಸಾಲ ಮುಖ್ಯವಾಗಿ ವೃತ್ತಿಪರ ಕೋರ್ಸುಗಳಿಗೆ. ಸಾಮಾನ್ಯ ಪದವಿಗೆ ಅದನ್ನೇ ನಂಬಿ ಕೂರುವಂತಿಲ್ಲ. ಕೇಂದ್ರ ಸರ್ಕಾರ ಸಂಶೋಧನಾ ವಿದ್ಯಾರ್ಥಿಗಳ ಮೌಲಾನಾ ಆಝಾದ್ ಫೆಲೋಶಿಪ್ಪನ್ನು 2022ರಲ್ಲಿ ನಿಲ್ಲಿಸಿತು. ಬಾಗಿಲುಗಳು ಒಂದೊಂದಾಗಿ ಮುಚ್ಚುತ್ತಿರುವಾಗ ಅದನ್ನು ಪ್ರಶ್ನಿಸಲಿಕ್ಕೂ ನಮಗೆ ಓದಿದವರೇ ಬೇಕು. ರಾಜ್ಯ ವಿದ್ಯಾರ್ಥಿವೇತನದ ಎಸ್‌ಎಸ್‌ಪಿ ಪೋರ್ಟಲಿನಲ್ಲಿ ಪ್ರತಿವರ್ಷ ತಪ್ಪದೆ ಅರ್ಜಿ ಹಾಕಿ.

ಇನ್ನು ಬ್ಯಾಂಕಿನ ಶಿಕ್ಷಣ ಸಾಲ. ಬಡ್ಡಿ ನಿಷಿದ್ಧವೆಂಬುದರಲ್ಲಿ ಸಂಶಯವಿಲ್ಲ. ಅದಕ್ಕೆ ಅಂಜಿ ಮಗಳನ್ನು ಓದು ಬಿಡಿಸಿದ ತಂದೆಯನ್ನು ನಾವು ದೂಷಿಸಲಾರೆವು. ಆದರೆ ಅದೇ ಮಗಳ ಮದುವೆಗೆ ಬಡ್ಡಿಯ ಸಾಲ ತರುವಾಗ ಆ ಅಂಜಿಕೆ ಎಲ್ಲಿ ಹೋಗುತ್ತದೆ ಎಂದು ಕೇಳದೆ ಇರಲಾರೆವು. ಬಡ್ಡಿಯಿಲ್ಲದೆ ಓದಿಸುವ ದಾರಿ ಮೊದಲಿಗೆ ಕಡಿಮೆ ಶುಲ್ಕದ ಉತ್ತಮ ಸಂಸ್ಥೆಯ ಆಯ್ಕೆ, ಎರಡನೆಯದು ವಿದ್ಯಾರ್ಥಿವೇತನ, ಮೂರನೆಯದು ಸಮುದಾಯದ ನೆರವು. ಈ ಮೂರನ್ನೂ ಪ್ರಯತ್ನಿಸದೆ ಓದನ್ನೇ ಕೈಬಿಡುವುದು ಧರ್ಮನಿಷ್ಠೆಯಲ್ಲ. ಅದೇ ರೀತಿ, ಬಡ್ಡಿಯ ಬಗ್ಗೆ ಪಾಠವಿರುವ ಕಾರಣ ಅರ್ಥಶಾಸ್ತ್ರ ಓದಬಾರದು ಎನ್ನುವವರಿದ್ದಾರೆ. ರೋಗವನ್ನು ಅಧ್ಯಯನ ಮಾಡದೆ ವೈದ್ಯನಾಗುವುದು ಹೇಗೆ? ಬಡ್ಡಿರಹಿತ ವ್ಯವಸ್ಥೆಯೊಂದನ್ನು ಕಟ್ಟಬೇಕಾದರೆ ಇರುವ ವ್ಯವಸ್ಥೆಯನ್ನು ಬಲ್ಲವರು ಬೇಕು.

ಹೆಣ್ಣುಮಕ್ಕಳ ವಿಷಯ

ಪಿಯುಸಿಯಲ್ಲಿ ಒಳ್ಳೆಯ ಅಂಕ ಪಡೆದ ನಮ್ಮ ಹೆಣ್ಣುಮಕ್ಕಳಿಗೆ 'ಹತ್ತಿರದ ಕಾಲೇಜು' ಎಂಬ ಒಂದೇ ಆಯ್ಕೆ ಉಳಿಯುವುದು ಇಂದಿಗೂ ಸಾಮಾನ್ಯ. ಹೆತ್ತವರ ಆತಂಕ ನಿಜವಾದುದು, ಅದನ್ನು ಹಗುರವಾಗಿ ಕಾಣಬಾರದು. ಆದರೆ ದೂರದ ಅರ್ಥವೇ ಬದಲಾಗಿದೆ. 2023ರ ಜೂನ್‌ನಲ್ಲಿ ಆರಂಭವಾದ ಶಕ್ತಿ ಯೋಜನೆಯಿಂದ ಸರ್ಕಾರಿ ಬಸ್ಸಿನಲ್ಲಿ ಮಹಿಳೆಯರ ಪ್ರಯಾಣಕ್ಕೆ ಹಣ ಬೇಕಿಲ್ಲ. ಮೆಟ್ರೋದಲ್ಲಿ ಕತ್ತಲಾಗುವ ಮೊದಲು ಮನೆ ಸೇರಬಹುದು.

2022ರಲ್ಲಿ ಕರಾವಳಿಯ ಪಿಯು ಕಾಲೇಜುಗಳಲ್ಲಿ ಎದ್ದ ಹಿಜಾಬ್ ವಿವಾದವನ್ನು ಯಾರೂ ಮರೆತಿಲ್ಲ. ಆ ವರ್ಷದ ಮಾರ್ಚಿನಲ್ಲಿ ಹೈಕೋರ್ಟು ನಿರ್ಬಂಧವನ್ನು ಎತ್ತಿಹಿಡಿಯಿತು. ಅಕ್ಟೋಬರಿನಲ್ಲಿ ಸುಪ್ರೀಂ ಕೋರ್ಟಿನ ಇಬ್ಬರು ನ್ಯಾಯಮೂರ್ತಿಗಳು ಭಿನ್ನ ತೀರ್ಪು ಕೊಟ್ಟರು. ಆದ್ದರಿಂದ ಹಣ ಕಟ್ಟುವ ಮೊದಲೇ ವಸ್ತ್ರಸಂಹಿತೆಯ ಬಗ್ಗೆ ಸಂಸ್ಥೆಯಲ್ಲಿ ನೇರವಾಗಿ, ವಿನಯದಿಂದ ಕೇಳಿ. ಪ್ರವೇಶದ ನಂತರ ಮಗಳು ಗೇಟಿನ ಬಳಿ ನಿಲ್ಲುವಂತಾಗಬಾರದು. ಮಗಳ ಅಭಿಪ್ರಾಯವನ್ನೂ ಕೇಳಿ. ಓದಬೇಕಾದವಳು ಅವಳು.

ಮುಂದೆ ಕೆಲಸ?

ಈ ಪದವಿಯಿಂದ ಬ್ಯಾಂಕು, ವಿಮೆ, ಮಾರುಕಟ್ಟೆ ಅಧ್ಯಯನ, ದತ್ತಾಂಶ ವಿಶ್ಲೇಷಣೆ, ಪತ್ರಿಕೋದ್ಯಮ, ಸ್ವಂತ ಉದ್ದಿಮೆಗಳಿಗೆ ಹೋಗಬಹುದು. ಸ್ನಾತಕೋತ್ತರ ಮುಗಿಸಿದವರಿಗೆ ಕೇಂದ್ರ ಲೋಕಸೇವಾ ಆಯೋಗ ನಡೆಸುವ ಭಾರತೀಯ ಆರ್ಥಿಕ ಸೇವೆಯ ಪರೀಕ್ಷೆಯಿದೆ. ಅದರ ಅರ್ಹತೆಯಲ್ಲಿ ಅರ್ಥಶಾಸ್ತ್ರದ ಜೊತೆಗೆ ಬಿಸಿನೆಸ್ ಇಕನಾಮಿಕ್ಸ್ ಹೆಸರೂ ಸ್ಪಷ್ಟವಾಗಿ ಸೇರಿದೆ. ಅಧ್ಯಾಪಕರಾಗಲು ಬಯಸುವವರಿಗೆ ಯುಜಿಸಿ ನೆಟ್ ಪರೀಕ್ಷೆಯ ಅರ್ಥಶಾಸ್ತ್ರ ವಿಷಯದ ವ್ಯಾಪ್ತಿಯಲ್ಲೂ ಅದು ಇದೆ. ಆದರೆ ಕೆಲಸ ಖಚಿತ ಎಂದು ಭರವಸೆ ಕೊಡುವ ಸಂಸ್ಥೆಗಳ ಬಗ್ಗೆ ಜಾಗ್ರತೆ ಬೇಕು. 'ಅತ್ಯಧಿಕ ಸಂಬಳ' ಪಡೆದ ಒಬ್ಬನ ಫೋಟೋವನ್ನು ಅವರು ತೋರಿಸಿದರೆ, ತರಗತಿಯ ನಡುವಿನ ಸ್ಥಾನದಲ್ಲಿದ್ದವನಿಗೆ ಎಷ್ಟು ಸಂಬಳ, ಕೆಲಸವೇ ಸಿಗದವರು ಎಷ್ಟು ಮಂದಿ ಎಂದು ಕೇಳಿ. ಸರಾಸರಿಯ ಮೋಸವನ್ನು ಗುರುತಿಸುವುದೂ ಅರ್ಥಶಾಸ್ತ್ರದ ಪಾಠವೇ.

ಜಮಾಅತಿನ ಹೊಣೆ

ಕೊನೆಯದಾಗಿ ಮಸೀದಿಯ ಆಡಳಿತ ಸಮಿತಿಯವರಿಗೆ, ಅನುಕೂಲಸ್ಥರಿಗೆ ಒಂದು ವಿನಂತಿ. ನಾವು ಮಿನಾರಕ್ಕೆ, ಅಮೃತಶಿಲೆಗೆ, ಮದುವೆಯ ಹಾಲಿಗೆ ಧಾರಾಳವಾಗಿ ಕೊಡುತ್ತೇವೆ. ಒಂದು ಮದುವೆಯ ಊಟದ ಖರ್ಚಿನಲ್ಲಿ ಒಬ್ಬ ವಿದ್ಯಾರ್ಥಿಯ ಪದವಿಯೇ ಮುಗಿಯುತ್ತದೆ. ಪ್ರತಿ ಜಮಾಅತ್ ವರ್ಷಕ್ಕೆ ಇಬ್ಬರು ಮಕ್ಕಳ ಪ್ರವೇಶ ಪರೀಕ್ಷೆಯ ತಯಾರಿ ಮತ್ತು ಶುಲ್ಕವನ್ನು ವಹಿಸಿಕೊಳ್ಳಲಿ. ಅರ್ಹ ಬಡ ವಿದ್ಯಾರ್ಥಿಗಳಿಗೆ ಝಕಾತ್ ನಿಧಿಯಿಂದ ಕೊಡುವ ಬಗ್ಗೆ ಉಲೇಮಾಗಳ ಸಲಹೆ ಪಡೆಯಲಿ. ಡಿಸೆಂಬರಿನಿಂದ ಜೂನ್‌ವರೆಗೆ ಪ್ರತಿ ಭಾನುವಾರ ಅಸರ್ ನಮಾಝಿನ ಬಳಿಕ ಇಬ್ಬರು ಪದವೀಧರರು ಒಂದು ಮೇಜು, ಒಂದು ಲ್ಯಾಪ್‌ಟಾಪ್ ಇಟ್ಟುಕೊಂಡು ಕುಳಿತರೆ ಎಷ್ಟೋ ಮನೆಗಳು ಏಜೆಂಟರ ಕೈಯಿಂದ ಪಾರಾಗುತ್ತವೆ. ಇದಕ್ಕೆ ಕೋಟಿ ರೂಪಾಯಿ ಬೇಡ, ಮನಸ್ಸು ಬೇಕು. ಆ ಮೇಜು ಎಲ್ಲ ಧರ್ಮದ ನೆರೆಹೊರೆಯ ಮಕ್ಕಳಿಗೂ ತೆರೆದಿರಲಿ. ನಮ್ಮ ಬೀದಿಯ ಬಡ ಮಗುವಿನ ಅಳಲಿಗೆ ಜಾತಿ ಮತಗಳಿಲ್ಲ.

ಹೆತ್ತವರೇ, ಮನೆಗೆ ಹೋಗಿ ಇಂದೇ ಒಂದು ಹಾಳೆಯಲ್ಲಿ ಐದು ಕಾಲಂಗಳನ್ನು ಬರೆಯಿರಿ: ಮಾನ್ಯತೆ, ಪಠ್ಯ, ಒಟ್ಟು ಖರ್ಚು, ಪ್ರಯಾಣ, ಅರ್ಜಿಯ ಕೊನೆಯ ದಿನ. ಮೂರು ಸಂಸ್ಥೆಗಳ ಹೆಸರು ಬರೆದು, ಮಗ ಅಥವಾ ಮಗಳೊಡನೆ ಕುಳಿತು ಅದನ್ನು ತುಂಬಿಸಿ. ಖಾಲಿ ಉಳಿದ ಕಾಲಂ ಯಾವುದೋ ಅದನ್ನು ವಿಚಾರಿಸಿ ತಿಳಿಯುವವರೆಗೆ ಯಾರಿಗೂ ಮುಂಗಡ ಹಣ ಕೊಡಬೇಡಿ. ಈ ಹೊಸೂರು ರಸ್ತೆಯ ಇಕ್ಕೆಲಗಳಲ್ಲಿ ಎದ್ದು ನಿಂತ ಕಟ್ಟಡಗಳಲ್ಲಿ ತೀರ್ಮಾನ ತೆಗೆದುಕೊಳ್ಳುವ ಮೇಜಿನ ಸುತ್ತ ನಮ್ಮ ಮಕ್ಕಳೂ ನ್ಯಾಯನಿಷ್ಠೆಯಿಂದ, ಪ್ರಾಮಾಣಿಕತೆಯಿಂದ ಕುಳಿತುಕೊಳ್ಳುವಂತಾಗಲಿ. ಅಲ್ಲಾಹನು ನಮ್ಮ ಪ್ರಯತ್ನಗಳನ್ನು ಸ್ವೀಕರಿಸಲಿ.